ಉಚಿತ ಜಾಲತಾಣಗಳನ್ನು ಕ್ಯಾಟಲಾಗಿಗೆ ಸೇರಿಸಿ ಎನ್ನುವ ಮುನ್ನ: ವಿಶ್ವವಿದ್ಯಾಲಯಗಳ ಗ್ರಂಥಾಲಯ ಸಮಿತಿಗಳಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಸದಸ್ಯರೇ,

ಗ್ರಂಥಾಲಯದ ಬಜೆಟ್ಟಿಗೆ ಕತ್ತರಿ ಬಿದ್ದ ವರ್ಷ ಸಮಿತಿಯ ನಡಾವಳಿಯಲ್ಲಿ ಒಂದು ಸಾಲು ತಪ್ಪದೆ ಕಾಣಿಸಿಕೊಳ್ಳುತ್ತದೆ. ಅಂತರಜಾಲದಲ್ಲಿ ಉಚಿತವಾಗಿ ಸಿಗುವ ಒಳ್ಳೆಯ ತಾಣಗಳನ್ನು ಕ್ಯಾಟಲಾಗಿಗೆ ಸೇರಿಸತಕ್ಕದ್ದು ಎಂದು. ಸೇರಿಸುವುದಕ್ಕೆ ನಮ್ಮ ತಕರಾರಿಲ್ಲ. ಆ ಸಾಲು ಅಲ್ಲಿಗೇ ಮುಗಿದುಹೋಗುತ್ತದೆ ಎಂಬುದೇ ತಕರಾರು. ಆರಿಸುವವರು ಯಾರು, ಆರು ತಿಂಗಳಿಗೊಮ್ಮೆ ತೆರೆದು ನೋಡುವವರು ಯಾರು, ತಾಣ ಸತ್ತರೆ ಅದರ ದಾಖಲೆಗೆ ಏನು ಗತಿ ಎಂಬ ಮಾತು ಅಲ್ಲಿರುವುದಿಲ್ಲ. ಕಪಾಟು ಸೇರಿದ ಪುಸ್ತಕದ ಹೆಸರು ರಾತ್ರೋರಾತ್ರಿ ಬದಲಾಗುವುದಿಲ್ಲ, ಅದರ ಪುಟಗಳು ಇನ್ನೊಬ್ಬರ ಕೈಗೆ ಮಾರಾಟವಾಗುವುದೂ ಇಲ್ಲ. ಜಾಲತಾಣಕ್ಕೆ ಇವೆರಡೂ ಆಗುತ್ತವೆ. ಅದನ್ನು ಕೊಳ್ಳುವ ಖರ್ಚಿಲ್ಲ ನಿಜ, ಸಾಕುವ ಖರ್ಚಿದೆ. ಆ ಲೆಕ್ಕ ಒಪ್ಪಿಕೊಂಡು ನೂರು ತಾಣ ಸೇರಿಸಿ ಎಂದರೆ ಸಂತೋಷದಿಂದ ಸೇರಿಸುತ್ತೇವೆ. ಒಪ್ಪಿಕೊಳ್ಳದೆ ಐದು ಸಾವಿರ ಸೇರಿಸಿ ಎಂದರೆ ಬೇಡ ಎನ್ನುವುದಕ್ಕೇ ಈ ಪತ್ರ.

ಗೂಗಲ್ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರೂ ಸಮಿತಿಯಲ್ಲಿ ಇದ್ದೇ ಇರುತ್ತಾರೆ. ಉತ್ತರ ಸರಳ. ಕ್ಯಾಟಲಾಗಿನಲ್ಲಿ ತಾಣ ಒಂಟಿಯಾಗಿ ಕೂರುವುದಿಲ್ಲ. ಅದೇ ವಿಷಯ ಶೀರ್ಷಿಕೆಯಡಿ ಇರುವ ಪುಸ್ತಕ, ಪ್ರಬಂಧ, ನಿಯತಕಾಲಿಕಗಳ ಜೊತೆ ಒಂದೇ ಹುಡುಕಾಟದಲ್ಲಿ ಎದ್ದು ಬರುತ್ತದೆ. ಒಬ್ಬ ಲೇಖಕ ಮೂರು ಬಗೆಯ ಕಾಗುಣಿತದಲ್ಲಿ ಹೆಸರು ಬರೆದುಕೊಂಡಿದ್ದರೂ ಪ್ರಾಧಿಕೃತ ರೂಪ, ಅಂದರೆ ಕ್ಯಾಟಲಾಗ್ ಒಪ್ಪಿಕೊಂಡ ಒಂದೇ ಕಾಗುಣಿತ, ಅವನ್ನೆಲ್ಲ ಒಂದುಗೂಡಿಸುತ್ತದೆ. ಈ ಲಾಭ ಸಿಗಬೇಕಾದರೆ ದಾಖಲೆಯಲ್ಲಿ ವಿಷಯ ಶೀರ್ಷಿಕೆ, ಪ್ರಾಧಿಕೃತ ಹೆಸರು ಎರಡೂ ಇರಬೇಕು. ಬರೀ ಹೆಸರು ಮತ್ತು ಕೊಂಡಿ ಅಂಟಿಸಿದ ದಾಖಲೆಗೆ ಆ ಶಕ್ತಿಯಿಲ್ಲ. ಅಂಥದ್ದಕ್ಕೆ ಗ್ರಂಥಾಲಯದ ಜಾಲಪುಟದಲ್ಲಿ ಒಂದು ಪಟ್ಟಿ ಹಾಕಿದರೆ ಸಾಕು, ಕ್ಯಾಟಲಾಗ್ ಬೇಡ.

ಈ ಉತ್ಸಾಹ ಹೊಸದೂ ಅಲ್ಲ. 1994ರಲ್ಲಿ ಗ್ರಂಥಾಲಯಗಳ ಸಹಕಾರಿ ಸಂಸ್ಥೆಯಾದ ಒಸಿಎಲ್‌ಸಿ ಇಂಟರ್‌ಕ್ಯಾಟ್ ಯೋಜನೆ ಶುರುಮಾಡಿ, ಅಂತರಜಾಲದ ಸಂಪನ್ಮೂಲಗಳನ್ನು ಮಾರ್ಕ್ ದಾಖಲೆಗೆ, ಅಂದರೆ ಯಂತ್ರ ಓದಬಲ್ಲ ಕ್ಯಾಟಲಾಗ್ ದಾಖಲೆಗೆ, ಇಳಿಸಲು ಗ್ರಂಥಾಲಯಗಳನ್ನು ಕರೆದಿತ್ತು. 1995ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಇಂಟರ್‌ನೆಟ್ ಪಬ್ಲಿಕ್ ಲೈಬ್ರರಿ 2015ರಲ್ಲಿ ಬಾಗಿಲು ಹಾಕಿತು. ಸ್ವಯಂಸೇವಕರು ತಾಣಗಳನ್ನು ವಿಷಯವಾರು ವಿಂಗಡಿಸುತ್ತಿದ್ದ 1998ರ ಡಿಮಾಜ್ ಡೈರೆಕ್ಟರಿ 2017ರವರೆಗೆ ಬದುಕಿತ್ತು. ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಕೂಡಿ ನಡೆಸುತ್ತಿದ್ದ ಇಂಟ್ಯೂಟ್‌ನಲ್ಲಿ ವಿಷಯತಜ್ಞರು ಒಂದೊಂದೇ ತಾಣ ನೋಡಿ ವಿವರಣೆ ಬರೆಯುತ್ತಿದ್ದರು. ಅನುದಾನ ನಿಂತಿತು, 2011ರಲ್ಲಿ ಅದೂ ಮುಚ್ಚಿತು. ಕೆಲಸ ಕೆಟ್ಟದಾಗಿತ್ತೆಂದು ಅಲ್ಲ. ಬಾವಿ ತೋಡುವುದಕ್ಕೆ ದುಡ್ಡು ಕೊಟ್ಟವರು ಹೂಳೆತ್ತುವುದಕ್ಕೆ ಕೊಡಲಿಲ್ಲ.

ಹೂಳು ತುಂಬುವ ವೇಗಕ್ಕೆ ಅಂಕಿಯೂ ಇದೆ. ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2013ರಲ್ಲಿದ್ದ ಜಾಲಪುಟಗಳಲ್ಲಿ 38% ಹತ್ತು ವರ್ಷದ ಹೊತ್ತಿಗೆ ಸಿಗದಾಗಿದ್ದವು. ನಾವು ಆರಿಸುವ ತಾಣಗಳು ಸರಾಸರಿಗಿಂತ ಗಟ್ಟಿ ಎಂದೇ ಇಟ್ಟುಕೊಳ್ಳಿ. ಅದರ ಅರ್ಧದಷ್ಟು ಹೋದರೂ ಕ್ಯಾಟಲಾಗಿನ ಐದು ಕೊಂಡಿಗಳಲ್ಲಿ ಒಂದು ಹೆಚ್ಚುಕಡಿಮೆ ಸತ್ತಂತೆಯೇ. ಎರಡು ಸಲ ಸತ್ತ ಕೊಂಡಿ ಒತ್ತಿದ ವಿದ್ಯಾರ್ಥಿ ಮೂರನೆಯ ಸಲ ಕ್ಯಾಟಲಾಗಿನ ಕೊಂಡಿಯನ್ನೇ ಒತ್ತುವುದಿಲ್ಲ. ನಾವು ಹಣ ಕೊಟ್ಟು ತರಿಸಿದ ಇ-ಪುಸ್ತಕದ ಕೊಂಡಿಯೂ ಅವನ ಕಣ್ಣಿಗೆ ಅದೇ ಸಾಲಿಗೆ ಸೇರುತ್ತದೆ.

ಒಂದು ತಾಣವನ್ನು ಸರಿಯಾಗಿ ಕ್ಯಾಟಲಾಗ್ ಮಾಡುವುದೆಂದರೆ ಏನೆಂದು ಒಂದು ದಾಖಲೆಯನ್ನೇ ಬಿಡಿಸಿ ತೋರಿಸುತ್ತೇವೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ 2003ರಲ್ಲಿ ಆರಂಭವಾದ ಡೈರೆಕ್ಟರಿ ಆಫ್ ಓಪನ್ ಆಕ್ಸೆಸ್ ಜರ್ನಲ್ಸ್, ಅಂದರೆ ಡಿಒಎಜೆ ಎಂಬ ಮುಕ್ತ ಪತ್ರಿಕೆಗಳ ಸೂಚಿ, ತೆಗೆದುಕೊಳ್ಳಿ. ಮಾರ್ಕ್ 21ರಲ್ಲಿ ಮೊದಲ ಪ್ರಶ್ನೆ ಲೀಡರಿನದು, ಅಂದರೆ ದಾಖಲೆಯ ತಲೆಯಲ್ಲಿರುವ ಸಂಕೇತಗಳ ಸಾಲಿನದು. 06ನೆಯ ಸ್ಥಾನಕ್ಕೆ ‘ಎ’ ಬರಬೇಕು, ಏಕೆಂದರೆ ತಾಣದ ಹೂರಣ ಪಠ್ಯ. ಕಂಪ್ಯೂಟರಿನಲ್ಲಿ ಕಾಣುತ್ತದೆಂದು ಅಲ್ಲಿ ‘ಎಂ’ ಹಾಕುವುದು ತೀರ ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ತಾಣ ತಂತ್ರಾಂಶ, ಸಂಖ್ಯಾ ದತ್ತಾಂಶಗಳ ಗುಂಪಿಗೆ ಹೋಗುತ್ತದೆ, ಪಠ್ಯ ಎಂದು ಸೋಸಿದವರಿಗೆ ಸಿಗುವುದೇ ಇಲ್ಲ. 07ನೆಯ ಸ್ಥಾನಕ್ಕೆ ‘ಐ’, ಅಂದರೆ ಹಳೆಯದರ ಮೇಲೆ ಹೊಸದು ಕೂಡಿಕೊಂಡು ಒಂದೇ ಆಗಿ ಉಳಿಯುವ ಸಂಪನ್ಮೂಲ. ಇಲ್ಲಿಂದ ಮುಂದೆ 007, 245ರಂಥ ಮೂರಂಕಿಗಳು ದಾಖಲೆಯ ಕ್ಷೇತ್ರಗಳ ಹೆಸರು. 007ರ ಮೊದಲೆರಡು ಅಕ್ಷರ ‘ಸಿ’, ‘ಆರ್’, ಅಂದರೆ ದೂರದಿಂದ ತೆರೆಯುವ ಗಣಕ ಸಂಪನ್ಮೂಲ. 008ರಲ್ಲಿ ದಿನಾಂಕದ ಬಗೆ ‘ಸಿ’, ಅಂದರೆ ಇನ್ನೂ ನಡೆಯುತ್ತಿದೆ ಎಂದು, ಆರಂಭದ ವರ್ಷ 2003, ಮುಕ್ತಾಯಕ್ಕೆ 9999. 21ನೆಯ ಸ್ಥಾನಕ್ಕೆ ‘ಡಿ’, ಪರಿಷ್ಕರಣೆಯಾಗುತ್ತಿರುವ ದತ್ತಸಂಚಯ ಎಂದು. ಸಾಮಾನ್ಯ ತಾಣವಾಗಿದ್ದರೆ ‘ಡಬ್ಲ್ಯು’. 23ಕ್ಕೆ ‘ಒ’, ಅಂದರೆ ಆನ್‌ಲೈನ್; 34ಕ್ಕೆ ‘2’, ಅಂದರೆ ಹೆಸರು ಬದಲಾದರೂ ದಾಖಲೆ ಒಂದೇ.

ಈ ಅಕ್ಷರ ಯಾವುದೂ ಓದುಗನಿಗೆ ಕಾಣುವುದಿಲ್ಲ, ಹಾಗಾಗಿ ಸಮಿತಿಗೂ ಕಾಣುವುದಿಲ್ಲ. ಆದರೆ ಓಪ್ಯಾಕ್‌ನ, ಅಂದರೆ ಓದುಗ ಹುಡುಕುವ ಕ್ಯಾಟಲಾಗ್ ಪರದೆಯ, ಎಡಬದಿಯಲ್ಲಿ ‘ಜಾಲತಾಣ’, ‘ಇ-ಪುಸ್ತಕ’ ಎಂಬ ಸೋಸುಗುಂಡಿಗಳು ಇವನ್ನು ನೋಡಿಯೇ ನಡೆಯುತ್ತವೆ.

ಶೀರ್ಷಿಕೆ ಎಲ್ಲಿಂದ ತೆಗೆಯಬೇಕು? ಬ್ರೌಸರಿನ ತಲೆಪಟ್ಟಿಯಲ್ಲಿ ಬಹಳ ಸಲ ‘ಹೋಮ್’ ಎಂದಷ್ಟೇ ಇರುತ್ತದೆ. ಮುಖಪುಟದ ಮೇಲೆ ‘ವೆಲ್‌ಕಮ್ ಟು’ ಎಂದಿದ್ದರೆ ಆ ಸ್ವಾಗತವನ್ನು ಬಿಟ್ಟು ಹೆಸರನ್ನಷ್ಟೇ ಶೀರ್ಷಿಕೆಯ ಕ್ಷೇತ್ರವಾದ 245ರಲ್ಲಿ ಬರೆಯಬೇಕೆಂಬುದು ಆರ್‌ಡಿಎ ಎಂಬ ಕ್ಯಾಟಲಾಗ್ ನಿಯಮಾವಳಿಯ ಮಾತು. ಸ್ವಾಗತ ಸಮೇತದ ರೂಪ ಪರ್ಯಾಯ ಹೆಸರಿನ 246ಕ್ಕೆ ಹೋಗುತ್ತದೆ, ಡಿಒಎಜೆ ಎಂಬ ಮೊಟಕು ಹೆಸರೂ ಅಲ್ಲಿಗೇ. ಮುಂದೆ ತಾಣ ಹೆಸರು ಬದಲಿಸಿದರೆ ಹೊಸ ದಾಖಲೆ ಮಾಡುವ ಹಾಗಿಲ್ಲ. 245ರಲ್ಲಿ ಹೊಸ ಹೆಸರು ಕೂರಿಸಿ ಹಳೆಯದನ್ನು 247ಕ್ಕೆ ಇಳಿಸಬೇಕು. ನಿಯತಕಾಲಿಕಗಳಲ್ಲಿ ಪಳಗಿದ ಕೈ ಇಲ್ಲಿ ಎಡವುತ್ತದೆ. ಅಲ್ಲಿ ಹೆಸರು ಗಣನೀಯವಾಗಿ ಬದಲಾದರೆ ಹೊಸ ದಾಖಲೆ ಮಾಡುವ ಅಭ್ಯಾಸ ಬೆರಳಿಗೇ ಅಂಟಿರುತ್ತದೆ. 588ರಲ್ಲಿ ಯಾವ ದಿನ ನೋಡಿ ವಿವರ ಬರೆದದ್ದು ಎಂಬ ಟಿಪ್ಪಣಿ ಕಡ್ಡಾಯವೆಂದೇ ನಾವು ಭಾವಿಸುತ್ತೇವೆ. ಮುಂದೆ ತಾಣಕ್ಕೂ ದಾಖಲೆಗೂ ತಾಳೆಯಾಗದಿದ್ದರೆ ತಪ್ಪು ಕ್ಯಾಟಲಾಗರಿನದೋ ಕಾಲದ್ದೋ ಎಂದು ಹೇಳುವುದು ಆ ಒಂದು ಸಾಲು ಮಾತ್ರ. 506ರ ಮೊದಲ ಸೂಚಕಕ್ಕೆ, ಅಂದರೆ ಕ್ಷೇತ್ರದ ತಲೆಯಲ್ಲಿ ಬರುವ ಒಂಟಿ ಅಂಕಿಯ ಜಾಗಕ್ಕೆ, 0 ಹಾಕಿದರೆ ಪ್ರವೇಶಕ್ಕೆ ನಿರ್ಬಂಧವಿಲ್ಲ ಎಂದಾಯಿತು. 540ರಲ್ಲಿ ಪರವಾನಗಿ. ಉಚಿತವಾಗಿ ಓದಬಹುದು ಎನ್ನುವುದಕ್ಕೂ ಮುಕ್ತವಾಗಿ ಬಳಸಬಹುದು ಎನ್ನುವುದಕ್ಕೂ ಅಜಗಜಾಂತರವಿದೆ. ಪಾಠಕ್ಕೆ ಪ್ರತಿ ಮಾಡಿ ಹಂಚುವ ಅಧ್ಯಾಪಕರಿಗೆ ಬೇಕಾದದ್ದು ಎರಡನೆಯದರ ಮಾಹಿತಿ.

ಇನ್ನು 856, ಕೊಂಡಿಯ ವಿಳಾಸ ಬರೆಯುವ ಜಾಗ. ಎಲ್ಲ ಜಗಳ ಇರುವುದೇ ಈ ಕ್ಷೇತ್ರದಲ್ಲಿ.

ಮೊದಲ ಸೂಚಕ 4 ಎಂದರೆ ಎಚ್‌ಟಿಟಿಪಿ. ಎರಡನೆಯದು 0 ಆದರೆ ಕೊಂಡಿ ಒತ್ತಿದಾಗ ಸಿಗುವುದೇ ಆ ಸಂಪನ್ಮೂಲ, 1 ಆದರೆ ಅದರ ಇನ್ನೊಂದು ರೂಪ, 2 ಆದರೆ ಸಂಬಂಧಪಟ್ಟ ಬೇರೇನೋ. ಮುದ್ರಿತ ಪುಸ್ತಕದ ದಾಖಲೆಯಲ್ಲಿ ಪ್ರಕಾಶಕರು ಕೊಟ್ಟ ಪರಿವಿಡಿಯ ಕೊಂಡಿ ಇರುತ್ತದೆ, ಅದರ ಸೂಚಕ 2. ಓಪ್ಯಾಕ್ ಹೊಂದಿಸಿದವರು ಸೂಚಕವನ್ನು ನೋಡದೆ 856 ಇರುವಲ್ಲೆಲ್ಲ ‘ಆನ್‌ಲೈನ್‌ನಲ್ಲಿ ಓದಿ’ ಎಂಬ ಗುಂಡಿ ಬರುವಂತೆ ಮಾಡಿರುತ್ತಾರೆ. ವಿದ್ಯಾರ್ಥಿ ಒತ್ತುತ್ತಾನೆ, ಎರಡು ಪುಟದ ಪರಿವಿಡಿ ತೆರೆದುಕೊಳ್ಳುತ್ತದೆ, ಪುಸ್ತಕ ಪೂರ್ತಿ ಇಲ್ಲವೆಂದು ದೂರು ಬರುತ್ತದೆ. ಕ್ಯಾಟಲಾಗರ್ ಮಾಡಿದ್ದು ಸರಿಯೇ, ಕೆಟ್ಟದ್ದು ಪ್ರದರ್ಶನದ ನಿಯಮ. ಕೊಂಡಿ ಯಾವ ಭಾಗದ್ದು ಎಂದು ಉಪಕ್ಷೇತ್ರ 3ರಲ್ಲಿ ಬರೆದು, ಅದೇ ಪಠ್ಯ ಗುಂಡಿಯ ಮೇಲೆ ಬರುವಂತೆ ಮಾಡಿದರೆ ಈ ದೂರು ನಿಲ್ಲುತ್ತದೆ. ಉಪಕ್ಷೇತ್ರ 7ರಲ್ಲಿ 0 ಹಾಕಿದರೆ ಇದು ಮುಕ್ತ ಪ್ರವೇಶದ್ದೆಂದು ಯಂತ್ರಕ್ಕೂ ಗೊತ್ತಾಗುತ್ತದೆ. ನಿಮ್ಮ ವ್ಯವಸ್ಥೆ ಅದನ್ನು ಓದುತ್ತದೆಯೇ ಎಂದು ಮೊದಲು ಕೇಳಿ ನೋಡಿ.

ವಿಳಾಸವನ್ನು ಬ್ರೌಸರಿನ ಪಟ್ಟಿಯಿಂದ ಕಣ್ಣುಮುಚ್ಚಿ ನಕಲು ಮಾಡುವಂತಿಲ್ಲ. ಹುಡುಕಾಟದ ಫಲಿತಾಂಶದಿಂದ ಬಂದ ವಿಳಾಸದ ಬಾಲದಲ್ಲಿ ಸೆಶನ್ ಸಂಖ್ಯೆ ನೇತಾಡುತ್ತಿರುತ್ತದೆ. ಇವತ್ತು ತೆರೆಯುತ್ತದೆ, ನಾಳೆ ‘ಅವಧಿ ಮುಗಿದಿದೆ’ ಎನ್ನುತ್ತದೆ. ಡಿಒಐ, ಹ್ಯಾಂಡಲ್, ಆರ್ಕ್‌ನಂಥ ಸ್ಥಿರ ಗುರುತು ಇದ್ದರೆ ಅದೇ ಮೇಲು. ಇಲ್ಲದಿದ್ದರೆ ತಾಣದ ಮೇಲ್ಮಟ್ಟದ ಗಟ್ಟಿ ಪುಟ. ಬರೆದ ವಿಳಾಸವನ್ನು ಹೊಸದಾಗಿ ತೆರೆದ ಖಾಸಗಿ ಕಿಟಕಿಯಲ್ಲಿ, ಸಾಧ್ಯವಾದರೆ ಕ್ಯಾಂಪಸ್ಸಿನ ಜಾಲದ ಹೊರಗಿನಿಂದ, ಒಮ್ಮೆ ಒತ್ತಿ ನೋಡಿಯೇ ಉಳಿಸಬೇಕು. ಕ್ಯಾಂಪಸ್ಸಿನ ಒಳಗೆ ಕುಳಿತವರಿಗೆ ಚಂದಾ ತಾಣವೂ ಉಚಿತವಾಗಿಯೇ ಕಾಣುತ್ತದೆ!

ಇದಕ್ಕೆ ಅಂಟಿಕೊಂಡದ್ದೇ ಪ್ರಾಕ್ಸಿಯ ತಾಪತ್ರಯ. ಚಂದಾ ಸಂಪನ್ಮೂಲಗಳಿಗೆಂದು, ಕ್ಯಾಂಪಸ್ಸಿನ ಹೊರಗಿನ ಓದುಗರನ್ನು ಪಾಸ್‌ವರ್ಡ್ ಕೇಳಿ ಒಳಬಿಡುವ ಇಜೆಡ್‌ಪ್ರಾಕ್ಸಿ ತಂತ್ರಾಂಶದ ಪೂರ್ವಪದವನ್ನು ಎಲ್ಲ 856ಗಳಿಗೂ ಒಂದೇಟಿಗೆ ಹಚ್ಚಿಬಿಡುವುದುಂಟು. ಆಗ ಜಗತ್ತಿಗೆಲ್ಲ ತೆರೆದಿರುವ ತಾಣಕ್ಕೂ ನಮ್ಮ ಓದುಗ ಪಾಸ್‌ವರ್ಡ್ ಕೊಟ್ಟು ಹೋಗಬೇಕಾಗುತ್ತದೆ. ಕೊಟ್ಟರೂ ಆ ತಾಣದ ಹೆಸರು ಪ್ರಾಕ್ಸಿಯ ಪಟ್ಟಿಯಲ್ಲಿ ಇಲ್ಲದ ಕಾರಣ, ನಿರ್ವಾಹಕರು ಮೊದಲು ಇದಕ್ಕೆ ಅನುಮತಿ ನೀಡಬೇಕು ಎಂಬ ಸಂದೇಶ ಕಾಣಿಸುತ್ತದೆ. ಉಚಿತ ದಾಖಲೆಗಳಿಗೆ ಪ್ರತ್ಯೇಕ ಸ್ಥಳೀಯ ಗುರುತು ಇದ್ದರೆ ಮಾತ್ರ ಪೂರ್ವಪದ ಹಚ್ಚುವಾಗ ಅವನ್ನು ಬದಿಗಿಡಲು ಸಾಧ್ಯ. ಇನ್ನೊಂದು ಸಣ್ಣ ಆದರೆ ದಿನನಿತ್ಯದ ಕಿರಿಕಿರಿ: ಜಾಲತಾಣಕ್ಕೆ ಭೌತಿಕ ಪ್ರತಿ ಇಲ್ಲ, ಆದ್ದರಿಂದ ಪ್ರತಿಯ ದಾಖಲೆಯೂ ಇಲ್ಲ. ಪ್ರತಿ ಇಲ್ಲದ್ದಕ್ಕೆಲ್ಲ ಓಪ್ಯಾಕ್ ‘ಲಭ್ಯವಿಲ್ಲ’ ಎಂದು ತೋರಿಸಿದರೆ, ಸದಾ ಲಭ್ಯವಿರುವ ತಾಣದ ಪಕ್ಕದಲ್ಲೇ ಆ ಪದ ಕೂರುತ್ತದೆ. ವಸ್ತುಬಗೆಯನ್ನು ‘ಆನ್‌ಲೈನ್’ ಎಂದು ಕೊಟ್ಟು, ಆ ಬಗೆಗೆ ಲಭ್ಯತೆಯ ಸಾಲನ್ನೇ ತೋರಿಸದಂತೆ ಹೊಂದಿಸಬೇಕು.

ಇಷ್ಟು ಒಂದೊಂದಾಗಿ ಮಾಡುವ ದಾಖಲೆಯ ಮಾತಾಯಿತು. ಸಮಿತಿಗಳಿಗೆ ಹೆಚ್ಚು ಪ್ರಿಯವಾದದ್ದು ಗಂಟುಗಟ್ಟಲೆ ಇಳಿಸಿಕೊಳ್ಳುವುದು. ಮುಕ್ತ ಪುಸ್ತಕ, ಮುಕ್ತ ಪತ್ರಿಕೆಗಳ ಸೂಚಿಗಳು ತಮ್ಮ ದತ್ತಾಂಶವನ್ನು ಒಎಐ-ಪಿಎಂಎಚ್ ಎಂಬ ದಾಖಲೆ ಹಂಚುವ ವಿಧಾನದ ಮೂಲಕ ಯಾರಿಗಾದರೂ ಕೊಡುತ್ತವೆ. ಒಂದು ಮಧ್ಯಾಹ್ನದಲ್ಲಿ ಸಾವಿರಾರು ದಾಖಲೆ ಒಳಗೆ ಬಂದು, ವಾರ್ಷಿಕ ವರದಿಯ ‘ಒಟ್ಟು ಸಂಗ್ರಹ’ ಎಂಬ ಅಂಕಿ ಚಂಗನೆ ಜಿಗಿಯುತ್ತದೆ. ಆ ಅಂಕಿಯ ಮೇಲೆ ನಮಗೆ ನಂಬಿಕೆಯಿಲ್ಲ ಎಂದು ನೇರವಾಗಿಯೇ ಹೇಳುತ್ತೇವೆ. ನಾವು ಕೊಂಡಿಲ್ಲದ, ಇಟ್ಟುಕೊಂಡಿಲ್ಲದ, ನಾಳೆ ಇರುತ್ತದೆಂದು ಭರವಸೆ ಕೊಡಲಾಗದ ತಾಣವನ್ನು ಸಂಗ್ರಹದ ಲೆಕ್ಕಕ್ಕೆ ಸೇರಿಸಬಾರದು, ಬೇರೆ ಸಾಲಿನಲ್ಲಿ ತೋರಿಸಬೇಕು.

ಗಂಟು ಇಳಿಸಲೇಬೇಕೆಂದರೆ ಮೊದಲು 50 ದಾಖಲೆಯನ್ನು ಪರೀಕ್ಷಾ ವ್ಯವಸ್ಥೆಗೆ ಹಾಕಿ ನೋಡಬೇಕು. ಲೀಡರಿನ 09ನೆಯ ಸ್ಥಾನದಲ್ಲಿ ‘ಎ’ ಇದ್ದರೆ ಯೂನಿಕೋಡ್ ಎಂದರ್ಥ. ಒಳಗಿನ ಅಕ್ಷರಗಳು ಮಾರ್ಕ್-8 ಎಂಬ ಹಳೆಯ ಅಕ್ಷರಸಂಕೇತದಲ್ಲಿದ್ದು ಲೀಡರ್ ಯೂನಿಕೋಡ್ ಎಂದರೆ, ಅಥವಾ ಇದರ ತಿರುವುಮುರುವಾದರೆ, ಹೆಸರುಗಳು ಚೌಕ ಮತ್ತು ಪ್ರಶ್ನಾರ್ಥಕ ಚಿಹ್ನೆಗಳಾಗಿ ಬರುತ್ತವೆ. 50ರಲ್ಲಿ ಸರಿಪಡಿಸುವುದು ಸುಲಭ, ಒಳಗೆ ಬೆರೆತ ಮೇಲೆ ಅಲ್ಲ. 001ರಲ್ಲಿರುವ ದಾಖಲೆಯ ಗುರುತುಸಂಖ್ಯೆ ನಮ್ಮಲ್ಲಿರುವ ಇನ್ನೊಂದು ದಾಖಲೆಯದ್ದಕ್ಕೆ ಹೊಂದಿಬಿಟ್ಟರೆ ಹೊಸದು ಹಳೆಯದನ್ನು ಸದ್ದಿಲ್ಲದೆ ಅಳಿಸಿ ತಾನು ಕೂರುತ್ತದೆ. ಆದ್ದರಿಂದ ಬಂದ ಸಂಖ್ಯೆಯನ್ನು ಮೂಲದ ಗುರುತಿನ ಸಮೇತ 035ಕ್ಕೆ ಸರಿಸಿ, ನಮ್ಮದೇ 001 ಕೊಡಬೇಕು. ಮತ್ತು ಇಡೀ ಗಂಟಿಗೆ ಒಂದು ಸ್ಥಳೀಯ ಕ್ಷೇತ್ರದಲ್ಲಿ ಒಂದೇ ಗುರುತು. ಒಳಗೆ ಬಿಟ್ಟುಕೊಂಡದ್ದನ್ನು ಒಂದೇ ಆಜ್ಞೆಯಲ್ಲಿ ಹೊರಗೆ ಕಳಿಸುವ ದಾರಿ ಇಲ್ಲದೆ ಯಾವ ಗಂಟನ್ನೂ ಇಳಿಸಬೇಡಿ.

ಹೊರಗೆ ಕಳಿಸುವ ಪ್ರಸಂಗ ಬಂದೇ ಬರುತ್ತದೆ. 2016ರಲ್ಲಿ ಡಿಒಎಜೆ ತನ್ನ ಬಿಗಿಗೊಳಿಸಿದ ಮಾನದಂಡದಡಿ ಮತ್ತೆ ಅರ್ಜಿ ಹಾಕದ ಸುಮಾರು 3,300 ಪತ್ರಿಕೆಗಳನ್ನು ಕೈಬಿಟ್ಟಿತು. ಅದಕ್ಕೆ ಹಿಂದೆ ದಾಖಲೆ ಇಳಿಸಿಕೊಂಡು ಸುಮ್ಮನಾದ ಗ್ರಂಥಾಲಯದಲ್ಲಿ ಅವೆಲ್ಲ ಡಿಒಎಜೆಯ ಮುದ್ರೆಯ ಸಮೇತ ಉಳಿದುಬಿಟ್ಟಿರುತ್ತವೆ. ಒಎಐ-ಪಿಎಂಎಚ್‌ನಲ್ಲಿ ಇದಕ್ಕೊಂದು ಏರ್ಪಾಡಿದೆ. ಐಡೆಂಟಿಫೈ ಎಂಬ ಕೋರಿಕೆ ಕಳಿಸಿದರೆ, ಅಳಿಸಿದ ದಾಖಲೆಗಳ ಸುದ್ದಿಯನ್ನು ಆ ಸೂಚಿ ಇಟ್ಟುಕೊಳ್ಳುತ್ತದೆಯೇ ಎಂಬುದಕ್ಕೆ ಮೂರರಲ್ಲಿ ಒಂದು ಉತ್ತರ ಬರುತ್ತದೆ: ಇಲ್ಲ, ಶಾಶ್ವತವಾಗಿ ಇಡುತ್ತೇನೆ, ಇಟ್ಟರೂ ಖಾತರಿಯಿಲ್ಲ. ಶಾಶ್ವತ ಎಂದವರಿಂದ ಬದಲಾವಣೆಯನ್ನಷ್ಟೇ ತರಿಸಿಕೊಂಡರೆ ಸಾಕು. ಉಳಿದಿಬ್ಬರ ವಿಷಯದಲ್ಲಿ ಆಗಾಗ ಇಡೀ ಸೂಚಿಯನ್ನು ಮತ್ತೆ ತರಿಸಿ, ನಮ್ಮಲ್ಲಿದ್ದು ಅವರಲ್ಲಿ ಇಲ್ಲದ್ದನ್ನು ಹೆಕ್ಕಿ ತೆಗೆಯಬೇಕು. ಹೊಸದನ್ನು ಮಾತ್ರ ತರುವ ಸ್ಕ್ರಿಪ್ಟ್ ಬರೆದು ಕೈತೊಳೆದುಕೊಂಡ ಕಡೆ ಸತ್ತ ಪತ್ರಿಕೆಗಳ ಸಂತೆಯೇ ನೆರೆದಿರುತ್ತದೆ.

ಕೊಂಡಿ ಪರೀಕ್ಷಿಸುವ ತಂತ್ರಾಂಶ ಇದೆಯಲ್ಲ, ಅದೇ ಎಲ್ಲ ನೋಡಿಕೊಳ್ಳುತ್ತದೆ ಎಂಬ ನಂಬಿಕೆಯನ್ನೂ ಸ್ವಲ್ಪ ಅಲುಗಾಡಿಸಬೇಕಿದೆ. ಕೋಹಾ ಎಂಬ ಗ್ರಂಥಾಲಯ ತಂತ್ರಾಂಶದಲ್ಲೂ ಮಾರ್ಕ್ ದಾಖಲೆ ತಿದ್ದುವ ಮಾರ್ಕ್‌ಎಡಿಟ್‌ನಲ್ಲೂ ಆ ಸೌಲಭ್ಯ ಇದೆ, ಅದರಿಂದ ಉಪಯೋಗವೂ ಇದೆ. ಆದರೆ ಅದು ನೋಡುವುದು ಸರ್ವರ್ ಕೊಡುವ ಸಂಖ್ಯೆಯನ್ನು, ಪುಟವನ್ನಲ್ಲ. 404, 410 ಬಂದರೆ ಪುಟ ಇಲ್ಲವೆಂಬುದರಲ್ಲಿ ಅನುಮಾನ ಕಡಿಮೆ. 301 ಬಂದರೆ ಹೊಸ ವಿಳಾಸಕ್ಕೆ ಹೋಗಿ ನೋಡಿ ದಾಖಲೆ ತಿದ್ದಬೇಕು. ಒಳಪುಟದ ವಿಳಾಸ ಸೀದಾ ಮುಖಪುಟಕ್ಕೆ ತಿರುಗಿಸಿದ್ದರೆ ಒಳಗಿದ್ದದ್ದು ಹೋಯಿತೆಂದೇ ಅರ್ಥ. 403, 429 ಬಂದರೆ ತಾಣ ಬದುಕಿದೆ, ನಮ್ಮ ಯಂತ್ರವನ್ನಷ್ಟೇ ತಡೆದಿದೆ. ಇಂಥವನ್ನೆಲ್ಲ ಸತ್ತವೆಂದು ತಾನಾಗಿ ಅಳಿಸುವ ಏರ್ಪಾಡು ಮಾಡಿದರೆ ಒಳ್ಳೆಯ ತಾಣಗಳೇ ಮೊದಲು ಹೋಗುತ್ತವೆ. ತಲೆಭಾಗವನ್ನಷ್ಟೇ ಕೇಳುವ ಹೆಡ್ ಕೋರಿಕೆಗೆ ಕೆಲವು ಸರ್ವರ್‌ಗಳು 405, ಅಂದರೆ ಈ ಬಗೆಯ ಕೋರಿಕೆ ಒಪ್ಪುವುದಿಲ್ಲ, ಎನ್ನುತ್ತವೆ, ಅದೇ ವಿಳಾಸಕ್ಕೆ ಇಡೀ ಪುಟ ಕೇಳುವ ಗೆಟ್ ಕಳಿಸಿದರೆ ಪುಟ ಬರುತ್ತದೆ. ಎಲ್ಲಕ್ಕಿಂತ ಮೋಸದ ಉತ್ತರ 200. ತಾಣದ ಹೆಸರಿನ ನೋಂದಣಿ ನವೀಕರಿಸದೆ ಬಿಟ್ಟಿದ್ದಾರೆ, ಯಾರೋ ಕೊಂಡು ಅಲ್ಲಿ ಜೂಜಿನ ಜಾಹೀರಾತು ಹಾಕಿದ್ದಾರೆ. ಸರ್ವರ್ ಎಲ್ಲ ಸರಿಯಿದೆ ಎನ್ನುತ್ತದೆ, ತಂತ್ರಾಂಶ ಹಸಿರು ಗುರುತು ಹಾಕುತ್ತದೆ, ವಿಶ್ವವಿದ್ಯಾಲಯದ ಕ್ಯಾಟಲಾಗ್ ಓದುಗನನ್ನು ಜೂಜುಕಟ್ಟೆಗೆ ಕೈಹಿಡಿದು ಕರೆದೊಯ್ಯುತ್ತದೆ. ಇದಕ್ಕೆ ನಮಗೆ ಗೊತ್ತಿರುವ ಉಪಾಯ ಒಂದೇ. ದಾಖಲೆ ಮಾಡಿದ ದಿನದ ಪುಟಶೀರ್ಷಿಕೆಯನ್ನು ಎತ್ತಿಟ್ಟುಕೊಂಡು, ಪ್ರತಿ ಸುತ್ತಿನಲ್ಲೂ ಈಗಿನ ಶೀರ್ಷಿಕೆಗೆ ಹೋಲಿಸುವುದು. ವ್ಯತ್ಯಾಸ ಕಂಡದ್ದನ್ನು ಮನುಷ್ಯರು ತೆರೆದು ನೋಡುವುದು.

ಒಂದು ಸಲ ಸೋತ ಕೊಂಡಿಯನ್ನು ಒಂದು ವಾರ ಬಿಟ್ಟು ಮತ್ತೆ ಪರೀಕ್ಷಿಸಬೇಕು, ಸರ್ವರ್ ದುರಸ್ತಿಯಲ್ಲಿ ಇದ್ದಿರಬಹುದು. ಎರಡನೆಯ ಸಲವೂ ಸೋತರೆ ಹೊಸ ವಿಳಾಸ ಹುಡುಕುವುದು, ಸಿಗದಿದ್ದರೆ ಜಾಲಪುಟಗಳ ಹಳೆಯ ಪ್ರತಿ ಕಾದಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಒಳ್ಳೆಯ ಪ್ರತಿ ಇದೆಯೇ ನೋಡುವುದು. ಇದ್ದರೆ ಆ ಕೊಂಡಿ ಹಾಕಿ, ಇದು ಇಂಥ ದಿನದ ಸಂಗ್ರಹ ಪ್ರತಿ ಎಂದು 856ರ ಉಪಕ್ಷೇತ್ರ ‘ಜೆಡ್’ನಲ್ಲಿ ಬರೆದು, 008ರಲ್ಲಿ ದಿನಾಂಕದ ಬಗೆಯನ್ನು ‘ಡಿ’ಗೆ ಬದಲಿಸಿ 9999 ಜಾಗಕ್ಕೆ ಮುಕ್ತಾಯದ ವರ್ಷ ಹಾಕಬೇಕು. ಸತ್ತ ವಿಳಾಸವನ್ನು ಓದುಗನಿಗೆ ಕಾಣದ ಉಪಕ್ಷೇತ್ರ ‘ಎಕ್ಸ್’ನಲ್ಲಿ ಉಳಿಸಿಕೊಳ್ಳಿ, ಹಳೆಯ ಪ್ರಬಂಧಗಳ ಅಡಿಟಿಪ್ಪಣಿ ಹಿಡಿದು ಬರುವವರಿಗೆ ಅದೇ ಸುಳಿವು. ಸಂಗ್ರಹ ಪ್ರತಿಯೂ ಇಲ್ಲದಿದ್ದರೆ ದಾಖಲೆಯನ್ನು ಓಪ್ಯಾಕ್‌ನಿಂದ ಮರೆಮಾಡುವುದು. ತಾಣವನ್ನು ಸೇರಿಸುವ ದಿನವೇ ವೇಬ್ಯಾಕ್‌ನಲ್ಲಿ ಒಂದು ಪ್ರತಿ ಉಳಿಸಲು ಒಂದೆರಡು ನಿಮಿಷ ಸಾಕು. ಆ ಒಂದೆರಡು ನಿಮಿಷ ಮುಂದೆ ಈ ಇಡೀ ಪರದಾಟವನ್ನು ಎಷ್ಟೋ ಸಲ ತಪ್ಪಿಸುತ್ತದೆ.

ಈಗ ಸಮಿತಿ ಕೇಳುವ ಲೆಕ್ಕ. 1,500 ಉಚಿತ ತಾಣಗಳಿವೆ, ವರ್ಷಕ್ಕೆ ಎರಡು ಸುತ್ತು ಪರೀಕ್ಷೆ ಎಂದಿಟ್ಟುಕೊಳ್ಳಿ. ಪ್ರತಿ ಸುತ್ತಿನಲ್ಲಿ ಹತ್ತರಲ್ಲೊಂದು ಅನುಮಾನಕ್ಕೆ ಬಿದ್ದರೆ 150, ಒಂದೊಂದಕ್ಕೆ 10 ನಿಮಿಷದಂತೆ 25 ಗಂಟೆ, ಎರಡು ಸುತ್ತಿಗೆ 50. ವರ್ಷಕ್ಕೆ 200 ಹೊಸ ತಾಣ, ವಿಷಯ ಶೀರ್ಷಿಕೆ ಸಮೇತ ಒಂದಕ್ಕೆ 40 ನಿಮಿಷ ಎಂದರೆ 133 ಗಂಟೆ. ಒಟ್ಟು 183 ಗಂಟೆ, ದಿನಕ್ಕೆ 7 ಗಂಟೆಯಂತೆ ಒಬ್ಬರ 26 ಕೆಲಸದ ದಿನ. ನಿಮ್ಮ ಅಂಕಿ ಬೇರೆಯಾದರೆ ಗುಣಿಸಿ ನೋಡಿ. ಇದು ದೊಡ್ಡ ಮೊತ್ತವೇನಲ್ಲ. ಆದರೆ ಯಾರ ಕೆಲಸದ ಪಟ್ಟಿಯಲ್ಲೂ ಈ 26 ದಿನ ಬರೆದಿಲ್ಲದಿದ್ದರೆ ಅದು ಯಾರ ಕೆಲಸವೂ ಅಲ್ಲ.

ಆದ್ದರಿಂದ ಮುಂದಿನ ಸಭೆಯಲ್ಲಿ ಆ ಹಳೆಯ ಸಾಲು ಬಂದಾಗ ಅದರ ಕೆಳಗೆ ಇನ್ನೂ ಕೆಲವು ಸಾಲು ಬರೆಸಿ ಎಂಬುದು ನಮ್ಮ ಕೋರಿಕೆ. ಪ್ರತಿ ವಿಭಾಗದಿಂದ ತಾಣ ಸೂಚಿಸುವ ಅಧ್ಯಾಪಕರೊಬ್ಬರ ಹೆಸರು ಬೇಕು, ತಾವು ಸೂಚಿಸಿದ್ದನ್ನು ಎರಡು ವರ್ಷಕ್ಕೊಮ್ಮೆ ಮತ್ತೆ ನೋಡಿ ಉಳಿಸಿ ಅಥವಾ ತೆಗೆಯಿರಿ ಎಂದು ಹೇಳುವ ಹೊಣೆಯೂ ಅವರದ್ದಾಗಬೇಕು. ತಾಣ ನಡೆಸುವವರು ಯಾರೆಂದು ಪುಟದಲ್ಲೇ ಕಾಣದಿದ್ದರೆ, ಕೃತಿಸ್ವಾಮ್ಯ ಮುರಿದ ಪ್ರತಿಗಳನ್ನು ಇಟ್ಟಿದ್ದರೆ, ಉಚಿತ ಎಂಬುದು ಕೆಲವು ವಾರಗಳ ಪ್ರಯೋಗಾವಧಿ ಮಾತ್ರವಾಗಿದ್ದರೆ, ಸೂಚಿಸಿದವರು ಎಷ್ಟೇ ಹಿರಿಯರಾದರೂ ಬೇಡ ಎನ್ನುವ ಅಧಿಕಾರ ತಾಂತ್ರಿಕ ವಿಭಾಗಕ್ಕಿರಲಿ. ಈಗಾಗಲೇ ಒಳಗಿರುವ ಉಚಿತ ದಾಖಲೆಗಳಲ್ಲಿ ಎರಡು ಸುತ್ತಿನಲ್ಲೂ ಸೋತವನ್ನು, ಸಂಗ್ರಹದ ಅಂಕಿ ಇಳಿದರೂ ಸರಿ, ಮರೆಮಾಡಲು ಈ ಅಧಿವೇಶನದಲ್ಲೇ ಒಪ್ಪಿಗೆ ಕೊಡಿ. ಪಟ್ಟಿಯನ್ನು ಸಭೆಗೆ ನಾವೇ ತರುತ್ತೇವೆ. ಪ್ರತಿ ಸಾಲಿನ ಎದುರು ಪರೀಕ್ಷಿಸಿದ ಎರಡು ದಿನಾಂಕ, ಸರ್ವರ್ ಕೊಟ್ಟ ಸಂಖ್ಯೆ, ಸಂಗ್ರಹ ಪ್ರತಿ ಇದೆಯೋ ಇಲ್ಲವೋ ಎಂಬುದು ಇರುತ್ತದೆ.

ಇತಿ,
ವಿಶ್ವವಿದ್ಯಾಲಯ ಗ್ರಂಥಾಲಯಗಳ ತಾಂತ್ರಿಕ ವಿಭಾಗದಲ್ಲಿ ಕ್ಯಾಟಲಾಗ್ ಕೆಲಸ ಮಾಡುವವರು